ಸ್ಪಿಕ್ ಅಂದ್ರೆ ಮೊಳೆ, ಸ್ಪ್ಯಾನ್ ಅಂದ್ರೆ ಚಕ್ಕೆ

ನಮ್ಮ ಚಿಕ್ಕಮ್ಮ ತೀರ್ಥಹಳ್ಳಿ ಕಡೆ ಒಂದು ಪುಟ್ಟ ಹೋಮ್‌ಸ್ಟೇ ನಡೆಸುತ್ತಾರೆ. ಮೂರೇ ಕೋಣೆ. ಬಂದವರು ಹೊರಡುವ ಮುಂಚೆ ನಾಲ್ಕು ಸಾಲು ಬರೆಯಲಿ ಅಂತ ಜಗಲಿಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಕಳೆದ ಸಲ ನಾನು ಹೋದಾಗ ಕಾಫಿ ಕೊಡೋ ಮೊದಲೇ ಆ ಪುಸ್ತಕ ತಂದು ಮುಂದೆ ಹಿಡಿದರು.

"ಇದೊಂಚೂರು ಓದು ಮಾರಾಯ. ಇಂಗ್ಲೆಂಡಿಂದ ಗಂಡ ಹೆಂಡತಿ ಬಂದಿದ್ರು. ಕೋಣೆ ಸ್ಪಿಕ್ ಅಂತೆ, ಸ್ಪ್ಯಾನ್ ಅಂತೆ. ಹೊಗಳಿದ್ದೋ, ಬೈದಿದ್ದೋ?"

ಹೊಗಳಿದ್ದು ಅಂದೆ. ಕೋಣೆಯಲ್ಲಿ ಒಂದು ಕಸ ಇಲ್ಲ, ಎಲ್ಲ ಅದರದರ ಜಾಗದಲ್ಲಿದೆ ಅಂತ ಅರ್ಥ ಅಂದೆ. ಚಿಕ್ಕಮ್ಮನಿಗೆ ಅಷ್ಟು ಸಾಲಲಿಲ್ಲ. "ಅದು ಸರಿ. ಸ್ಪಿಕ್ ಅಂದ್ರೆ ಎಂತ? ಸ್ಪ್ಯಾನ್ ಅಂದ್ರೆ ಎಂತ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದೇ ನನ್ನ ಕಸುಬು. ಸ್ಪಿಕ್ ಅಂಡ್ ಸ್ಪ್ಯಾನ್ ಅನ್ನೋ ಮಾತನ್ನು ನೂರು ಸಲವಾದರೂ 'ಸ್ವಚ್ಛ' ಅಂತ ಬರೆದು ಮುಂದೆ ಹೋಗಿರಬಹುದು. ಒಳಗೆ ಏನಿದೆ ಅಂತ ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ಆವತ್ತು ರಾತ್ರಿ ಕೂತು ನೋಡಿದೆ. ಒಳಗೆ ಸ್ವಚ್ಛತೆಯ ಸುದ್ದಿಯೇ ಇರಲಿಲ್ಲ. ಒಂದು ಮೊಳೆ ಇತ್ತು, ಒಂದು ಮರದ ಚಕ್ಕೆ ಇತ್ತು. ಇವೆರಡೂ ಮನೆ ಗುಡಿಸೋ ಮಾತಿಗೆ ಹೇಗೆ ಬಂದವು ಅನ್ನೋದೇ ಇಲ್ಲಿಯ ಕಥೆ.

ಮೊದಲು ಈಗಿನ ಬಳಕೆ ನೋಡೋಣ. ಸ್ಪಿಕ್ ಅಂಡ್ ಸ್ಪ್ಯಾನ್ ಅಂದರೆ ಎರಡು ಗುಣ ಒಟ್ಟಿಗೆ ಇರಬೇಕು. ಕೊಳೆ ಇರಬಾರದು, ಸಾಮಾನು ಚೆಲ್ಲಾಪಿಲ್ಲಿ ಆಗಿರಬಾರದು. ನೆಲ ಫಳಫಳ ಹೊಳೆಯುತ್ತಿದ್ದು ಮಂಚದ ಮೇಲೆ ಬಟ್ಟೆಯ ಗುಡ್ಡೆ ಬಿದ್ದಿದ್ದರೆ ಈ ಮಾತು ಸಲ್ಲುವುದಿಲ್ಲ. ಎಲ್ಲ ಸಾಲಾಗಿ ಜೋಡಿಸಿದ್ದು, ಮೇಲೆ ಬೆರಳಷ್ಟು ಧೂಳು ಕೂತಿದ್ದರೂ ಸಲ್ಲುವುದಿಲ್ಲ. ಕೋಣೆ, ಅಡುಗೆಮನೆ, ಆಫೀಸು, ಹಡಗಿನ ಡೆಕ್ಕು, ಇಸ್ತ್ರಿ ಮಾಡಿದ ಯೂನಿಫಾರಂ, ತೊಳೆದು ನಿಲ್ಲಿಸಿದ ಕಾರು, ಇವಕ್ಕೆಲ್ಲ ಹೇಳಬಹುದು. ಕುಡಿಯುವ ನೀರಿಗೆ ಹೇಳುವುದಿಲ್ಲ. ಆರಿಸಿದ ಅಕ್ಕಿಗೂ ಹೇಳುವುದಿಲ್ಲ. ಮನುಷ್ಯರ ಕೈ ಆಡಿ ಅಣಿ ಮಾಡಿದ್ದಕ್ಕೆ ಮಾತ್ರ ಇದು ಹೊಂದುತ್ತದೆ. ಈ ಸಣ್ಣ ಸುಳಿವು ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಸ್ಪ್ಯಾನ್ ಅಂದ ಕೂಡಲೇ ಇಂಗ್ಲಿಷ್ ಓದಿದವರಿಗೆ ನೆನಪಾಗೋದು ಗೇಣು. ಹೆಬ್ಬೆರಳಿಂದ ಕಿರುಬೆರಳವರೆಗೆ ಚಾಚಿದ ಅಳತೆ. ಸೇತುವೆಯ ಎರಡು ಕಂಬದ ನಡುವಿನ ದೂರಕ್ಕೂ ಅದೇ ಮಾತು. ನಮ್ಮ ಸ್ಪ್ಯಾನ್ ಅದಲ್ಲ. ಉಚ್ಚಾರ ಒಂದೇ, ಮನೆತನ ಬೇರೆ. ಇದು ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ನಾರ್ವೆ, ಡೆನ್ಮಾರ್ಕ್ ಕಡೆಯಿಂದ ವೈಕಿಂಗರು ಹಡಗೇರಿ ಬಂದು ಇಂಗ್ಲೆಂಡನ್ನು ಲೂಟಿ ಮಾಡಿದ್ದು ಓದಿರುತ್ತೀರಿ. ಲಿಂಡಿಸ್‌ಫಾರ್ನ್ ಎಂಬ ದ್ವೀಪದ ಮಠದ ಮೇಲೆ ಬಿದ್ದದ್ದು 793ರಲ್ಲಿ. ಲೂಟಿ ಮಾಡಲು ಬಂದವರಲ್ಲಿ ಎಷ್ಟೋ ಜನ ಆಮೇಲೆ ಅಲ್ಲೇ ಉಳಿದರು. ಹೊಲ ಮಾಡಿದರು, ಮದುವೆ ಮಾಡಿಕೊಂಡರು, ಅಕ್ಕಪಕ್ಕದವರ ಜೊತೆ ಮಾತಾಡಿದರು. ಇಂಗ್ಲಿಷಿನ ಎಗ್, ನೈಫ್, ಸ್ಕೈ, ಹಸ್ಬೆಂಡ್ ಇವೆಲ್ಲ ಅವರು ಬಿಟ್ಟುಹೋದ ಪದಗಳು. ವಿಂಡೋ ಕೂಡ ಅವರದೇ, ಅದರ ಅರ್ಥ 'ಗಾಳಿಯ ಕಣ್ಣು'. ನಮ್ಮ ಗವಾಕ್ಷಿ ಹಸುವಿನ ಕಣ್ಣು. ಕಿಟಕಿ ಕಂಡರೆ ಕಣ್ಣು ನೆನಪಾಗೋದು ಎರಡೂ ಕಡೆ ಒಂದೇ ನೋಡಿ.

ಆ ನಾರ್ಸ್ ಭಾಷೆಯಲ್ಲಿ 'ಸ್ಪಾನ್' ಅಂದರೆ ಮರದ ಚಕ್ಕೆ. ಕೊಡಲಿಯೋ ಬಾಚಿಯೋ ಬಿದ್ದಾಗ ಹಾರಿ ಬೀಳುತ್ತದಲ್ಲ, ಅದು. 'ಸ್ಪಾನ್‌ನ್ಯೂರ್' ಅಂದರೆ ಚಕ್ಕೆಯಷ್ಟು ಹೊಸದು. 1300ರ ಆಸುಪಾಸಿಗೆ ಇದು ಇಂಗ್ಲಿಷಿನಲ್ಲಿ 'ಸ್ಪ್ಯಾನ್ ನ್ಯೂ' ಆಗಿ ಕೂತಿತ್ತು. ಆ ಶತಮಾನದ ಕೊನೆಯಲ್ಲಿ ಕವಿ ಚಾಸರ್ ಕೂಡ ಇದನ್ನು ಬಳಸಿದ್ದಾನೆ. ಆಗ ಕಸ, ಕೊಳೆ, ಓರಣ ಯಾವುದರ ಮಾತೂ ಇಲ್ಲ. ಬರೀ ಹೊಸದು, ಅಷ್ಟೇ.

ಹೊಸದಕ್ಕೆ ಮರದ ಚಕ್ಕೆಯನ್ನೇ ಯಾಕೆ ಹೋಲಿಸಿದರು? ಇದಕ್ಕೆ ಡಿಕ್ಷನರಿಗಿಂತ ಬಡಗಿಯ ಕೆಲಸ ನೋಡಿದರೆ ಬೇಗ ಅರ್ಥವಾಗುತ್ತದೆ. ಚಿಕ್ಕಮ್ಮನ ಮನೆ ಕಟ್ಟುವಾಗ ಬಾಗಿಲಿಗೆ ಹಲಸಿನ ಮರ ತರಿಸಿದ್ದರು. ಹೊರಗಿನಿಂದ ನೋಡಿದರೆ ಕಪ್ಪು ಕಪ್ಪು, ಪಾಚಿ ಹಿಡಿದ ದಿಮ್ಮಿ. ಆಚಾರ್ರು ಬಾಚಿ ಎತ್ತಿ ಒಂದು ಏಟು ಹಾಕಿದರು ನೋಡಿ, ಒಳಗಿಂದ ಅರಿಶಿನದ ಬಣ್ಣದ ಚಕ್ಕೆ ಹಾರಿ ನನ್ನ ಕಾಲ ಹತ್ತಿರ ಬಿತ್ತು. ಎತ್ತಿಕೊಂಡರೆ ಇನ್ನೂ ತೇವ ಇತ್ತು. ಮೂಸಿದರೆ ಹಸಿ ವಾಸನೆ. ಆ ಕ್ಷಣದವರೆಗೆ ಯಾರ ಕಣ್ಣಿಗೂ ಬೀಳದ, ಗಾಳಿ ಕೂಡ ತಾಗದ ಮೈ ಅದು. ಒಂದು ವಾರ ಬಿಟ್ಟು ನೋಡಿದರೆ ಅದೇ ಚಕ್ಕೆಗೆ ಬಣ್ಣ ಮಾಸಿತ್ತು. ವರ್ಷ ಕಳೆದರೆ ಹಲಸಿನ ಹಳದಿ ಕಂದಾಗುತ್ತದೆ. ಅಂದರೆ ಚಕ್ಕೆಯ ಹೊಸತನ ಬಹಳ ಹೊತ್ತು ಉಳಿಯುವಂಥದ್ದಲ್ಲ. ಕಡಿದ ಆ ಗಳಿಗೆಯದು. ಮರದಲ್ಲೇ ಮನೆ, ಮರದಲ್ಲೇ ಹಡಗು, ಮರದಲ್ಲೇ ಬಟ್ಟಲು ಮಾಡಿಕೊಂಡು ಬದುಕಿದ ಜನಕ್ಕೆ ಹೊಸದು ಅಂದರೆ ಕಣ್ಣ ಮುಂದೆ ಬರುತ್ತಿದ್ದದ್ದು ಇದೇ ಇರಬೇಕು.

ಇಲ್ಲೊಂದು ಅಡ್ಡಮಾತು. ಅಡುಗೆಮನೆಯ ಸ್ಪೂನ್ ಈ ಸ್ಪ್ಯಾನಿನ ಒಡಹುಟ್ಟು. ಹಳೆಯ ಇಂಗ್ಲಿಷಿನಲ್ಲಿ 'ಸ್ಪೋನ್' ಅಂದರೂ ಚಕ್ಕೆಯೇ. ಚಪ್ಪಟೆ ಚಕ್ಕೆಯಲ್ಲಿ ಗಂಜಿ ಎತ್ತಿ ತಿನ್ನಬಹುದಲ್ಲ, ಹಾಗೆ ಅದು ಚಮಚ ಆಯಿತು. ಮನೆಯ ಸ್ಟೀಲ್ ಚಮಚಕ್ಕೂ ಹೆಸರು ಮರದ ಚೂರಿನದೇ.

ಈಗ ಸ್ಪಿಕ್. ಇದು ಸ್ಪೈಕ್ ಅನ್ನೋ ಪದದ ನೆಂಟ. ಮೊಳೆ, ಅದರಲ್ಲೂ ದಪ್ಪ ಮೊಳೆ. ಸ್ವೀಡನ್ನಿನಲ್ಲಿ ಇವತ್ತಿಗೂ ಮೊಳೆಗೆ 'ಸ್ಪೀಕ್' ಅಂತಲೇ ಹೇಳುತ್ತಾರೆ. ಮೊಳೆಗೂ ಹೊಸತನಕ್ಕೂ ನಂಟು ಇರೋದು ಇಂಗ್ಲಿಷ್ ಒಂದರಲ್ಲೇ ಅಲ್ಲ. ಜರ್ಮನ್ನರು ಹೊಚ್ಚ ಹೊಸದಕ್ಕೆ 'ನಾಗೆಲ್‌ನಾಯ್' ಅನ್ನುತ್ತಾರೆ, ಅಂದರೆ ಮೊಳೆಯಷ್ಟು ಹೊಸದು. ಡೇನಿಷ್‌ನಲ್ಲಿ ಚಕ್ಕೆಯಷ್ಟು ಹೊಸದು ಅನ್ನೋ ಮಾತಿದೆ, ಸ್ವೀಡಿಷ್‌ನಲ್ಲೂ ಇದೆ. ಡಚ್ಚರಂತೂ ಎರಡನ್ನೂ ಸೇರಿಸಿ 'ಸ್ಪಿಕ್‌ಸ್ಪ್ಲಿಂಟರ್‌ನ್ಯೂ' ಮಾಡಿಕೊಂಡಿದ್ದಾರೆ. ಮೊಳೆ, ಚಕ್ಕೆ, ಹೊಸದು ಮೂರೂ ಒಂದೇ ಪದದಲ್ಲಿ! ಇದು ಸತ್ತ ಪದ ಅಂತ ತಿಳಿಯಬೇಡಿ. ಆಮ್‌ಸ್ಟರ್‌ಡಾಮ್‌ನಲ್ಲಿ ಹೊಸ ಸೈಕಲ್ ಕೊಂಡವರು ಈಗಲೂ ಹೀಗೇ ಹೇಳುತ್ತಾರೆ. ಇಂಗ್ಲಿಷಿಗೆ ಸ್ಪಿಕ್ ಬಂದು ಅಂಟಿಕೊಂಡದ್ದು ಈ ಡಚ್ ಮಾತಿನ ಪ್ರಭಾವದಿಂದ ಅನ್ನೋದು ಪದಗಳ ಮೂಲ ಹುಡುಕುವವರ ಸಾಮಾನ್ಯ ಅಭಿಪ್ರಾಯ.

ಬಹಳ ಜನ ಇಲ್ಲಿ ಹಡಗಿನ ಕಥೆ ಹೇಳುತ್ತಾರೆ. ಹಡಗು ಕಟ್ಟೋ ಜಾಗದಿಂದ ಆಗ ತಾನೇ ನೀರಿಗಿಳಿದ ಹಡಗು. ಹೊಡೆದ ಪ್ರತಿ ಮೊಳೆ ಹೊಸದು, ಕೆತ್ತಿದ ಪ್ರತಿ ಹಲಗೆ ಹೊಸದು. ಕಥೆ ಚೆನ್ನಾಗಿದೆ. ಆದರೆ ಹಡಗೇ ಆಗಬೇಕು ಅಂತೇನಿಲ್ಲ. ಮೊಳೆ ಮತ್ತು ಚಕ್ಕೆ ಎರಡೂ ಒಟ್ಟಿಗೆ ಬೀಳೋ ಯಾವ ಮರಗೆಲಸದ ಜಾಗಕ್ಕೂ ಇದು ಹೊಂದುತ್ತದೆ. ಚಿಕ್ಕಮ್ಮನ ಮನೆಯ ಅಂಗಳವೂ ಆಗ ಹಾಗೇ ಇತ್ತು.

ಸ್ಪಿಕ್, ಸ್ಪ್ಯಾನ್, ನ್ಯೂ ಈ ಮೂರೂ ಪದ ಇಂಗ್ಲಿಷಿನಲ್ಲಿ ಮೊದಲು ಒಟ್ಟಿಗೆ ಕಾಣೋದು 1579ರಲ್ಲಿ. ಸರ್ ಥಾಮಸ್ ನಾರ್ತ್ ಅನ್ನುವವನು ಪ್ಲುಟಾರ್ಕ್ ಬರೆದ ಮಹಾಪುರುಷರ ಜೀವನಚರಿತ್ರೆಗಳನ್ನು ಇಂಗ್ಲಿಷಿಗೆ ತಂದ. ಪ್ಲುಟಾರ್ಕ್ ಬರೆದದ್ದು ಗ್ರೀಕಿನಲ್ಲಿ. ನಾರ್ತ್ ಅನುವಾದ ಮಾಡಿದ್ದು ಗ್ರೀಕಿನಿಂದಲ್ಲ, ಫ್ರೆಂಚ್ ಅನುವಾದದಿಂದ. ಅನುವಾದದ ಅನುವಾದ. ಆದರೂ ಶೇಕ್ಸ್‌ಪಿಯರ್ ತನ್ನ ರೋಮನ್ ನಾಟಕಗಳಿಗೆ ಸಾಮಗ್ರಿ ಎತ್ತಿಕೊಂಡದ್ದು ಈ ಪುಸ್ತಕದಿಂದಲೇ. ಕಸುಬಿನವನಾಗಿ ನನಗೆ ಇದು ಭಾರಿ ಸಮಾಧಾನದ ವಿಷಯ. ಅದರಲ್ಲಿ ರೋಮಿನ ಸೈನ್ಯಕ್ಕೆ ಎದುರಾಗಿ ಬರುವ ಮ್ಯಾಸಿಡೋನಿಯದ ಸೈನಿಕರ ವರ್ಣನೆ ಇದೆ. ಚಿನ್ನದ ಲೇಪದ ಕವಚ, ಅದರ ಮೇಲೆ ನೇರಳೆ ಬಣ್ಣದ ಅಂಗಿ, ಎಲ್ಲ 'ಸ್ಪಿಕ್ ಅಂಡ್ ಸ್ಪ್ಯಾನ್ ನ್ಯೂ' ಅಂತ ನಾರ್ತ್ ಬರೆಯುತ್ತಾನೆ. ಕೊನೆಯಲ್ಲಿ ಇರುವ 'ನ್ಯೂ' ಗಮನಿಸಿ. ಇಡೀ ಮಾತಿನ ಅರ್ಥ ಹೊತ್ತುಕೊಂಡಿರೋದು ಆ ಪದ. ಮೊದಲಿನ ಎರಡು ಅದಕ್ಕೆ ಒತ್ತು ಕೊಡೋಕೆ ಇರುವಂಥವು.

ನಮ್ಮ 'ಹೊಚ್ಚ ಹೊಸ'ದ ಹಾಗೇ ಇದು. ಹೊಚ್ಚ ಅಂದರೆ ಏನು ಅಂತ ಕೇಳಿದರೆ ತಡವರಿಸಬೇಕಾಗುತ್ತದೆ. ಸ್ಕೂಲಿನ ವ್ಯಾಕರಣದಲ್ಲಿ ದ್ವಿರುಕ್ತಿ ಅಂತ ಓದಿದ್ದು ನೆನಪಿರಬಹುದು. ಮೊತ್ತಮೊದಲು, ಕಟ್ಟಕಡೆ, ನಟ್ಟನಡು, ತುತ್ತತುದಿ, ಬಟ್ಟಬಯಲು. ಮೊದಲ ಅರ್ಧ ಎರಡನೆಯದರ ನೆರಳು. 'ಮನೆಗೆ ಹೊಚ್ಚ ಟಿವಿ ತಂದ್ವಿ' ಅಂತ ಯಾರೂ ಹೇಳುವುದಿಲ್ಲ. ಹೊಸ ಅನ್ನೋದು ಬಿದ್ದುಹೋದರೆ ಹೊಚ್ಚ ಅನಾಥ.

ಇಂಗ್ಲಿಷಿನಲ್ಲಿ ಆದದ್ದು ಇದೇ ಎಡವಟ್ಟು. ಹೊಸ ಬಿದ್ದುಹೋಯಿತು, ಹೊಚ್ಚ ಉಳಿಯಿತು.

ಅದು ಬೀಳುತ್ತಿರುವಾಗಲೇ ಹಿಡಿದ ಒಂದು ಸಾಲು ನಮಗೆ ಸಿಗುತ್ತದೆ. ಸ್ಯಾಮ್ಯುಯೆಲ್ ಪೀಪ್ಸ್ ಲಂಡನ್ನಿನಲ್ಲಿ ನೌಕಾಪಡೆಯ ಕಚೇರಿಯ ಅಧಿಕಾರಿ. 1660ರಿಂದ 1669ರವರೆಗೆ ದಿನಚರಿ ಬರೆದ, ಅದೂ ಶಾರ್ಟ್‌ಹ್ಯಾಂಡಿನಲ್ಲಿ. ಊಟ, ಜಗಳ, ಲಂಚ, ಹೆಂಡತಿಗೆ ಹೇಳಬಾರದ ಸಂಗತಿ, ಏನನ್ನೂ ಬಿಟ್ಟಿಲ್ಲ. 1665ರ ನವೆಂಬರ್ 15ರಂದು ಅವನು ಒಂದು ಸಣ್ಣ ಘಟನೆ ಬರೆಯುತ್ತಾನೆ. ಊರಿಗೆ ಪ್ಲೇಗು ಬಡಿದ ವರ್ಷ ಅದು. ಕಚೇರಿಯ ಹಿರಿಯ ಸಹೋದ್ಯೋಗಿ ಸರ್ ವಿಲಿಯಂ ಬ್ಯಾಟನ್‌ನ ಹೆಂಡತಿ ಕೆಸರಿನ ಓಣಿಯಲ್ಲಿ ನಡೆದು ಬರುತ್ತಿದ್ದಾಳೆ. ಕಾಲಿಗೆ ಬಿಳಿ ಬೂಟು. ಕೆಸರು ತಾಗದಿರಲಿ ಅಂತ ಅದರ ಮೇಲೆ ಇನ್ನೊಂದು ಜೋಡು ಹಾಕಿಕೊಂಡಿದ್ದಾಳೆ. ಆ ಮೇಲಿನ ಜೋಡು ಒಂದು ಕಾಲಿಂದ ಕಳಚಿ ಕೆಸರಿನಲ್ಲಿ ಹೂತುಹೋಯಿತು. ಕೀಳಲು ಬರಲಿಲ್ಲ. ಅದನ್ನು ಅಲ್ಲೇ ಬಿಟ್ಟು ಹಾಗೇ ಮನೆಗೆ ನಡೆಯಬೇಕಾಯಿತು. ಆಕೆಗೆ ತಡೆಯಲಾರದ ಸಿಟ್ಟು. ಪೀಪ್ಸ್ ಕೈಹಿಡಿದು ನಡೆಸಿಕೊಂಡು ಹೋದ, ಹೋಗುತ್ತಾ ತಮಾಷೆ ಮಾಡಿ ಇನ್ನೂ ಸ್ವಲ್ಪ ಉರಿಸಿದ. ಪುಣ್ಯಾತ್ಮ, ಅದನ್ನೂ ಬರೆದಿಟ್ಟಿದ್ದಾನೆ.

ಆ ಬೂಟಿಗೆ ಅವನು ಬಳಸಿದ ಮಾತು 'ನ್ಯೂ ಸ್ಪಿಕ್ ಅಂಡ್ ಸ್ಪ್ಯಾನ್ ವೈಟ್ ಶೂಸ್'. ನ್ಯೂ ಎಲ್ಲಿದೆ ನೋಡಿ. ಕೊನೆಯಲ್ಲಿದ್ದದ್ದು ಮುಂದಕ್ಕೆ ಜಿಗಿದಿದೆ. ನಾರ್ತ್‌ನಲ್ಲಿ ಸ್ಪಿಕ್ ಅಂಡ್ ಸ್ಪ್ಯಾನ್ ಅನ್ನೋದು ಹೊಸತನವನ್ನು ಹಿಗ್ಗಿಸುತ್ತಿತ್ತು. ಇಲ್ಲಿ ಹೊಸದು ಅನ್ನೋದನ್ನು ಮೊದಲೇ ಹೇಳಿ ಮುಗಿಸಿಯಾಯಿತು. ಹಾಗಾದರೆ ಆಮೇಲೆ ಬರುವ ಸ್ಪಿಕ್ ಅಂಡ್ ಸ್ಪ್ಯಾನಿಗೆ ಏನು ಕೆಲಸ? ಓದುವವನು ಏನಾದರೂ ಬೇರೆ ಅರ್ಥ ಊಹಿಸಲೇಬೇಕು. ಬಿಳಿ ಬೂಟು, ಒಂದು ಚುಕ್ಕೆ ಕೊಳೆ ಇಲ್ಲದ್ದು ಅಂತ ಊಹೆ ತಾನಾಗೇ ಬರುತ್ತದೆ. ಅರ್ಥ ಜಾರಿದ್ದು ಇಂಥ ಕಡೆಗಳಲ್ಲೇ. ಒಂದು ದಿನ ಯಾರೋ ಕೂತು ಬದಲಾಯಿಸಿದ್ದಲ್ಲ.

ಹೊಸದು ಚೊಕ್ಕಟ ಆಗೋದು ಹೇಗೆ ಅಂತ ನನಗೆ ಸರಿಯಾಗಿ ಹೊಳೆದದ್ದು ಅಮ್ಮ ಹಬ್ಬದ ಹಿಂದಿನ ದಿನ ಹಿತ್ತಾಳೆ ಪಾತ್ರೆ ತಿಕ್ಕೋದನ್ನು ನೆನೆಸಿಕೊಂಡಾಗ. ಹುಣಸೆಹಣ್ಣು ಕಿವುಚಿ ಹಚ್ಚುತ್ತಿದ್ದರು. ಕಪ್ಪಾಗಿದ್ದ ತಂಬಿಗೆ ಮೇಲೆ ಮೊದಲು ಕೆಂಪು ಗೆರೆ, ಆಮೇಲೆ ಚಿನ್ನದ ಬಣ್ಣ. ತೊಳೆದು ಬಿಸಿಲಿಗೆ ಕವುಚಿ ಹಾಕಿ ಅಮ್ಮ ಹೇಳುತ್ತಿದ್ದ ಮಾತು ಯಾವಾಗಲೂ ಒಂದೇ: "ನೋಡು, ಈಗ ಅಂಗಡಿಯಿಂದ ತಂದ ಹಾಗಿದೆ." ಆ ತಂಬಿಗೆ ಅಜ್ಜಿಯ ಮದುವೆಯದ್ದು. ಹೊಸದಂತೂ ಅಲ್ಲ. ಆದರೆ ಕೊಳೆ ಹೋಯಿತು ಅಂತ ಹೇಳೋಕೆ 'ಹೊಸದರ ಹಾಗೆ' ಅನ್ನೋದಕ್ಕಿಂತ ಬೇರೆ ಹೊಗಳಿಕೆ ಅವರಿಗೆ ಬೇಕಾಗಿರಲಿಲ್ಲ. ಪಾತ್ರೆ ಬೆಳಗೋದು ಅಂತಲೇ ನಾವು ಹೇಳುತ್ತೇವೆ ಅಲ್ವಾ? ತೊಳೆಯೋದು ಬೇರೆ, ಬೆಳಗೋದು ಬೇರೆ. ಕಳೆದುಹೋದ ಮೊದಲ ದಿನದ ಹೊಳಪನ್ನು ವಾಪಸ್ ತರೋದು ಬೆಳಗೋದು.

ಇಂಗ್ಲಿಷಿನ ಮಾತೂ ಇದೇ ದಾರಿ ಹಿಡಿಯಿತು. ಮೊದಲು ಹೊಸ ವಸ್ತುವಿಗೆ ಹೇಳುತ್ತಿದ್ದರು. ಆಮೇಲೆ ಹೊಸದರಂತೆ ಇಟ್ಟುಕೊಂಡ ಹಳೆಯದಕ್ಕೂ ಹೇಳಿದರು. 19ನೇ ಶತಮಾನದ ಹೊತ್ತಿಗೆ ಹೊಸತನದ ನೆನಪು ಹೆಚ್ಚುಕಡಿಮೆ ಅಳಿಸಿ, ನೂರು ವರ್ಷದ ಮನೆಯೂ ಸ್ಪಿಕ್ ಅಂಡ್ ಸ್ಪ್ಯಾನ್ ಆಗುವ ಕಾಲ ಬಂತು. ಮೊದಲು ಹೇಳಿದ ಸುಳಿವು ಇಲ್ಲಿ ಸೇರಿಕೊಳ್ಳುತ್ತದೆ. ನೀರಿಗೂ ಅಕ್ಕಿಗೂ ಈ ಮಾತು ಯಾಕೆ ಹೊಂದುವುದಿಲ್ಲ ಅಂದರೆ, ಅವನ್ನು ಯಾರೂ ಮೊಳೆ ಹೊಡೆದು ಮಾಡಿಲ್ಲ. ಮಾಡಿದ ವಸ್ತುವಿಗೆ ಮಾತ್ರ ಮೊದಲ ದಿನ ಅನ್ನೋದು ಇರುತ್ತದೆ.

ಇಂಥದ್ದು ಇನ್ನೊಂದಿದೆ. ಇಂಗ್ಲೆಂಡಿನಲ್ಲಿ ಶುಭ್ರವಾದದ್ದಕ್ಕೆ 'ನ್ಯೂ ಪಿನ್' ತರ ಅಂದರೆ ಹೊಸ ಗುಂಡುಪಿನ್ನಿನ ಹಾಗೆ ಅನ್ನುತ್ತಾರೆ. ಅಮೆರಿಕದಲ್ಲಿ ಬರೀ 'ಪಿನ್ನಿನ ಹಾಗೆ'. ಅಲ್ಲೂ ಹೊಸ ಮಾಯ! ತುಕ್ಕು ಹಿಡಿದ ಪಿನ್ನು ಯಾವ ಓರಣದ ಗುರುತು ಅಂತ ಯಾರೂ ಕೇಳುವುದಿಲ್ಲ. ಇನ್ನು ನಾವು ಕನ್ನಡದಲ್ಲೂ ಧಾರಾಳವಾಗಿ ಬಳಸುವ 'ಬ್ರ್ಯಾಂಡ್ ನ್ಯೂ' ಇದೆಯಲ್ಲ, ಅದರಲ್ಲಿರೋದು ಕಂಪನಿಯ ಬ್ರ್ಯಾಂಡ್ ಅಲ್ಲ. ಬ್ರ್ಯಾಂಡ್ ಅಂದರೆ ಉರಿಯೋ ಕೊಳ್ಳಿ, ಬೆಂಕಿ. ಕುಲುಮೆಯಿಂದ ಈಗ ತೆಗೆದ ಕಬ್ಬಿಣದಷ್ಟು ಹೊಸದು. ಶೇಕ್ಸ್‌ಪಿಯರ್ 'ಫೈರ್ ನ್ಯೂ' ಅಂತ ಬರೆದದ್ದೂ ಇದೇ ಅರ್ಥಕ್ಕೆ. ಬಡಗಿಯ ಚಕ್ಕೆ, ಕಮ್ಮಾರನ ಬೆಂಕಿ. ಹೊಸದು ಅನ್ನೋ ಮಾತೆಲ್ಲ ಕೆಲಸಗಾರರ ಕೊಟ್ಟಿಗೆಯಿಂದಲೇ ಬಂದ ಹಾಗಿದೆ.

ಅರ್ಥ ಮರೆತ ಮೇಲೆ ದೊಡ್ಡ ವಿದ್ವಾಂಸರೂ ಎಡವಿದ್ದಾರೆ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಹೆಸರಾಂತ ಡಿಕ್ಷನರಿಯಲ್ಲಿ ಈ ಮಾತಿಗೆ ಬಟ್ಟೆಯ ಕಥೆ ಕಟ್ಟಿದ. ಆ ಕಾಲದಲ್ಲಿ ನೇಯ್ದ ಉಣ್ಣೆ ಬಟ್ಟೆಯನ್ನು ತೊಳೆದು, ಚೌಕಟ್ಟಿನ ಮೊಳೆಗಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಒಣಗಿಸುತ್ತಿದ್ದರು. ಸ್ಪ್ಯಾನ್ ಅಂದರೆ ಎಳೆಯೋದು, ಸ್ಪಿಕ್ ಅಂದರೆ ಆ ಮೊಳೆ, ಹಾಗಾಗಿ ಮೊಳೆಯಿಂದ ಆಗ ತಾನೇ ಬಿಡಿಸಿದ ಹೊಸ ಬಟ್ಟೆ ಅನ್ನೋದು ಅವನ ಲೆಕ್ಕ. ಕೇಳೋಕೆ ಎಷ್ಟು ಸರಿಯಾಗಿ ಕೂರುತ್ತದೆ! ಆದರೆ ತಪ್ಪು. ನಾರ್ಸ್ ಭಾಷೆಯ ಚಕ್ಕೆ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಕೊನೆಗೆ, ಇದೇನಿದ್ದರೂ ಕೀಳು ಮಾತು ಅಂತ ಒಂದು ಷರಾ ಬೇರೆ ಬರೆದ. ಸಭ್ಯ ಲೇಖಕರು ಬಳಸಿದ್ದಾರಲ್ಲ ಅಂತ ಅವನಿಗೆ ಬೇಜಾರು. ಪದದ ಮೂಲದ ಕಥೆ ತೀರಾ ಚೆನ್ನಾಗಿ ಹೊಂದಿದರೆ ನನಗೆ ಆವತ್ತಿನಿಂದ ಸ್ವಲ್ಪ ಅನುಮಾನ.

ಒಂದು ಪ್ರಶ್ನೆ ಉಳಿಯುತ್ತದೆ. ಎರಡು ಪದದ ಅರ್ಥವೂ ಯಾರಿಗೂ ಗೊತ್ತಿಲ್ಲದೆ ಒಂದು ಮಾತು ನಾನೂರು ವರ್ಷ ಹೇಗೆ ಬದುಕಿತು? ಸದ್ದಿನಿಂದ. ಎರಡೂ ಒಂದೇ ಒತ್ತಕ್ಷರದಿಂದ ಶುರು, ಎರಡೂ ಚಿಕ್ಕವು, ಹೇಳುವಾಗ ಚಿಟಿಕೆ ಹೊಡೆದ ಹಾಗೆ. ಸ್ಪ್ಯಾನ್ ಅಂಡ್ ಸ್ಪಿಕ್ ಅಂತ ತಿರುಗಿಸಿ ಹೇಳಿ ನೋಡಿ, ಇಂಗ್ಲಿಷಿನವರು ಮುಖ ಕಿವುಚುತ್ತಾರೆ. ಟಿಕ್ ಟಾಕ್, ಜಿಗ್ ಜ್ಯಾಗ್, ಪಿಂಗ್ ಪಾಂಗ್, ಎಲ್ಲದರಲ್ಲೂ 'ಇ' ಮುಂದೆ ಬರುತ್ತದೆ. ಬಾಯಿ ಸ್ವಲ್ಪ ತೆರೆಯೋ ಸದ್ದು ಮೊದಲು, ಜಾಸ್ತಿ ತೆರೆಯೋ ಸದ್ದು ಆಮೇಲೆ. ಯಾರೂ ಹೇಳಿಕೊಡದೆ ಮಕ್ಕಳಿಗೂ ಗೊತ್ತಿರುವ ನಿಯಮ ಇದು, ನಮ್ಮ ಮಕ್ಕಳು ಊಟಗೀಟ, ಮನೆಗಿನೆ ಅನ್ನೋದನ್ನು ಯಾರ ಹತ್ತಿರವೂ ಕಲಿಯದ ಹಾಗೆ.

ಹಡಗಿನ ಕಥೆ ಸ್ಪಿಕ್ ಅಂಡ್ ಸ್ಪ್ಯಾನಿಗೆ ಅರ್ಧಂಬರ್ಧ ಹೊಂದುತ್ತದೆ ಅಂದೆನಲ್ಲ. ಪೂರ್ತಿ ಹೊಂದುವ ಮಾತು ಪಕ್ಕದಲ್ಲೇ ಇದೆ: 'ಶಿಪ್‌ಶೇಪ್ ಅಂಡ್ ಬ್ರಿಸ್ಟಲ್ ಫ್ಯಾಶನ್'. ಎಲ್ಲ ಕಟ್ಟುನಿಟ್ಟಾಗಿ, ಅದರದರ ಜಾಗದಲ್ಲಿ ಇದೆ ಅಂತ ಅರ್ಥ. ಬ್ರಿಸ್ಟಲ್ ಇಂಗ್ಲೆಂಡಿನ ಪಶ್ಚಿಮದ ಬಂದರು. 1833ರಲ್ಲಿ ರಾಜಾ ರಾಮಮೋಹನ ರಾಯರು ತೀರಿಕೊಂಡದ್ದು ಇಲ್ಲೇ, ಅವರ ಪ್ರತಿಮೆಯೂ ಇದೆ. ಊರು ಕಡಲಿನಿಂದ ಕೆಲವು ಮೈಲಿ ಒಳಗೆ, ಏವನ್ ನದಿಯ ದಡದಲ್ಲಿದೆ. ಆದರೂ ಕಡಲಿನ ಉಬ್ಬರ ನದಿಯೊಳಗೆ ನುಗ್ಗಿ ಬರುತ್ತದೆ. ನಮ್ಮ ಮಂಗಳೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರ್ ಕೂಡ ವ್ಯತ್ಯಾಸ ಬರುವುದಿಲ್ಲ. ಅಲ್ಲಿ ದೊಡ್ಡ ಉಬ್ಬರದ ದಿನ 12 ಮೀಟರ್ ದಾಟುತ್ತದೆ. ನಾಲ್ಕು ಮಹಡಿ ಮನೆಯಷ್ಟು ನೀರು ದಿನಕ್ಕೆ ಎರಡು ಸಲ ಏರಿ, ಎರಡು ಸಲ ಇಳಿಯುತ್ತಿತ್ತು.

ನೀರು ಇಳಿದಾಗ ದಡದಲ್ಲಿ ಕಟ್ಟಿದ ಹಡಗಿನ ಗತಿ ಏನು? ಕೆಸರಿನ ಮೇಲೆ ಕೂರುತ್ತಿತ್ತು, ಒಂದು ಕಡೆಗೆ ವಾಲುತ್ತಿತ್ತು. ಮೈ ಗಟ್ಟಿ ಇಲ್ಲದ ಹಡಗು ಬಿರುಕು ಬಿಡುತ್ತಿತ್ತು. ಒಳಗಿನ ಪೀಪಾಯಿ, ಮೂಟೆ ಸರಿಯಾಗಿ ಬಿಗಿದಿರದಿದ್ದರೆ ಎಲ್ಲ ಒಂದೇ ಮಗ್ಗುಲಿಗೆ ಜಾರುತ್ತಿದ್ದವು. ಹಾಗಾಗಿ ಬ್ರಿಸ್ಟಲ್‌ಗೆ ಹೋಗೋ ಹಡಗು ಅಂದರೆ ಸಾಮಾನು ಅಚ್ಚುಕಟ್ಟಾಗಿ ಜೋಡಿಸಿ ಕಟ್ಟಿದ್ದು ಅಂತಲೇ ಲೆಕ್ಕ. ಈ ಮಾತಿಗೆ ಸಾಮಾನ್ಯವಾಗಿ ಕೊಡುವ ವಿವರಣೆ ಇದು. 1809ರಲ್ಲಿ ವಿಲಿಯಂ ಜೆಸಪ್ ಎಂಬ ಎಂಜಿನಿಯರ್ ನದಿಗೆ ಗೇಟು ಹಾಕಿ ನೀರನ್ನು ಒಂದೇ ಮಟ್ಟದಲ್ಲಿ ಹಿಡಿದು ನಿಲ್ಲಿಸಿದ. ಅದರ ಹೆಸರೇ ಫ್ಲೋಟಿಂಗ್ ಹಾರ್ಬರ್. ಬಂದರು ತೇಲುವುದಿಲ್ಲ, ಒಳಗಿನ ಹಡಗು ಇಳಿತದಲ್ಲೂ ತೇಲುತ್ತಲೇ ಇರುತ್ತದೆ. ವಾಲುವ ಕಷ್ಟ ಹೋಯಿತು, ಮಾತು ಉಳಿಯಿತು.

ಬಳಸುವವರಿಗೆ ಒಂದು ಎಚ್ಚರ. ಅಮೆರಿಕದಲ್ಲಿ ನೆಲ ಒರೆಸೋ ಪುಡಿಯೊಂದಕ್ಕೆ ಇದೇ ಹೆಸರಿಟ್ಟಿದ್ದರು. 1945ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಅದನ್ನು ಕೊಂಡು ಮನೆಮಾತು ಮಾಡಿತು. ಆ ಡಬ್ಬಿಯ ಮೇಲೆ ಸ್ಪಿಕ್‌ನ ಕೊನೆಯ 'ಕೆ' ಅಕ್ಷರ ಇಲ್ಲ. ಬರೆಯುವಾಗ ನೀವು ಬಿಡಬೇಡಿ. 'ಕೆ' ಇಲ್ಲದ ಆ ಪದ ಒಂಟಿಯಾಗಿ ನಿಂತರೆ ಅಲ್ಲಿ ಸ್ಪ್ಯಾನಿಷ್ ಮಾತಾಡುವವರನ್ನು ಹೀಗಳೆಯೋ ಬೈಗುಳ. ಮೂಲದಲ್ಲಿ ಎರಡಕ್ಕೂ ಸಂಬಂಧ ಇಲ್ಲ. ಆದರೆ ಬೈಸಿಕೊಂಡವರಿಗೆ ಪದದ ಮೂಲ ಹೇಳಿ ಸಮಾಧಾನ ಮಾಡೋಕೆ ಆಗುತ್ತಾ?

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? 'ಸ್ವಚ್ಛ' ಅಂದರೆ ಅರ್ಧ ಕೆಲಸ ಅಷ್ಟೇ ಆಗುತ್ತದೆ, ಜೋಡಣೆ ಬಿಟ್ಟುಹೋಗುತ್ತದೆ. 'ಚೊಕ್ಕಟ' ಅಂದರೂ ಅಷ್ಟೇ. ಧಾರವಾಡದ ಕಡೆ ಮನೆ 'ಹಸನ' ಮಾಡೋದು ಅನ್ನುತ್ತಾರೆ, ಅದರಲ್ಲಿ ಕಸ ತೆಗೆಯೋದೇ ಜಾಸ್ತಿ ಕೇಳಿಸುತ್ತದೆ. 'ಅಚ್ಚುಕಟ್ಟು' ಜೋಡಣೆಯ ಕಡೆ ವಾಲುತ್ತದೆ. ಅಚ್ಚುಕಟ್ಟಿಗಂತೂ ಇನ್ನೊಂದು ಬದುಕೇ ಇದೆ. ಪೇಪರಿನಲ್ಲಿ 'ಭದ್ರಾ ಅಚ್ಚುಕಟ್ಟಿಗೆ ನೀರು' ಅಂತ ಬಂದರೆ ಯಾರೂ ಭದ್ರಾ ಜಲಾಶಯದ ಕೋಣೆ ಗುಡಿಸಿದ್ದಾರೆ ಅಂತ ತಿಳಿಯುವುದಿಲ್ಲ. ಕಾಲುವೆ ನೀರು ತಲುಪುವ, ಎಲ್ಲೆ ಕಟ್ಟಿದ ಹೊಲಗದ್ದೆ ಅದು.

ನನ್ನ ಆಯ್ಕೆ 'ಒಪ್ಪ ಓರಣ'. ಒಪ್ಪ ಅಂದರೆ ಹೊಳಪು, ಚಿನ್ನಕ್ಕೆ ಒಪ್ಪ ಹಾಕೋದು ಅನ್ನುತ್ತೇವೆ. ಓರಣ ಅಂದರೆ ಸಾಲು, ಜೋಡಣೆ. ಕೊಳೆ ಇಲ್ಲ ಅನ್ನೋದನ್ನು ಒಂದು ಹೇಳುತ್ತದೆ, ಚೆಲ್ಲಾಪಿಲ್ಲಿ ಇಲ್ಲ ಅನ್ನೋದನ್ನು ಇನ್ನೊಂದು. ಕಿವಿಗೂ ಜೋಡಿ ಹೊಂದುತ್ತದೆ. ಮೇಲಾಗಿ ನಮ್ಮ ಎರಡು ಪದಕ್ಕೂ ಇನ್ನೂ ಜೀವ ಇದೆ. ಚಿಕ್ಕಮ್ಮನಿಗೆ ಬೆಳಿಗ್ಗೆ ಇಷ್ಟನ್ನೂ ಹೇಳಿದೆ. ದೋಸೆ ಹುಯ್ಯುತ್ತಾ ಕೇಳಿಸಿಕೊಂಡು, "ಅಂದ್ರೆ ಮೊಳೆ, ಚಕ್ಕೆ ಬಿದ್ದ ಜಾಗ ಅಂತ ಬರೆದು ಹೋಗಿದ್ದಾರೆ. ನಾನು ಅದನ್ನೇ ಗುಡಿಸಿ ಗುಡಿಸಿ ಸಾಯ್ತೀನಿ" ಅಂದರು.

ಪೀಪ್ಸ್‌ನ ಸಾಲಿಗೆ ಮಾತ್ರ ಒಪ್ಪ ಓರಣ ಆಗುವುದಿಲ್ಲ, ಸ್ವಚ್ಛವೂ ಆಗುವುದಿಲ್ಲ. ಆ ಹೆಂಗಸಿನ ಸಿಟ್ಟು ಬೂಟು ಕೊಳೆಯಾಗುವುದರ ಬಗ್ಗೆ ಅಷ್ಟೇ ಆಗಿದ್ದರೆ ತೊಳೆದರೆ ಮುಗಿಯುತ್ತಿತ್ತು. ಎದೆ ಉರಿಸಿದ್ದು ಅದರ ಹೊಸತನ. ಇವತ್ತು ಆ ಪುಟ ನನ್ನ ಮೇಜಿಗೆ ಬಂದರೆ ಹೀಗೆ ಬರೆಯುತ್ತೇನೆ: 'ಹೊಚ್ಚ ಹೊಸ ಬಿಳಿ ಬೂಟು ಹಾಕಿಕೊಂಡು ಕೆಸರಿನ ಓಣಿಯಲ್ಲಿ ಬರುತ್ತಿದ್ದಳು.'